ಫೀನಾಲ್ ತಿನ್ನುವ ಬ್ಯಾಕ್ಟೀರಿಯಾ ಯಾವುದೆಂದು ಗುರುತಿಸುವುದು ಹೇಗೆ?

ಪ್ರಶ್ನೆ:
ರೆಸಿನ್ ಕಾರ್ಖಾನೆಯ ಇಟಿಪಿ (ತ್ಯಾಜ್ಯನೀರು ಶುದ್ಧೀಕರಣ ಘಟಕ). ಗಾಳಿ ಊದುವ ಏರೇಶನ್ ಟ್ಯಾಂಕಿಗೆ ಬರುವ ನೀರಿನಲ್ಲಿ ಫೀನಾಲ್ ಲೀಟರಿಗೆ 200 ಮಿ.ಗ್ರಾಂ, ಹೊರಹೋಗುವಾಗ 1 ಮಿ.ಗ್ರಾಂಗಿಂತ ಕಡಿಮೆ. ಟ್ಯಾಂಕಿನ ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಅನ್ನು ನ್ಯೂಟ್ರಿಯೆಂಟ್ ಅಗಾರ್ ಎಂಬ ಪೋಷಕ ಮಾಧ್ಯಮದ ಪ್ಲೇಟಿನ ಮೇಲೆ ಹರಡಿದಾಗ ಆರು ಬಗೆಯ ಕಾಲೊನಿ ಬಂದಿವೆ. ಫೀನಾಲ್ ಒಡೆಯುವುದು ಇವುಗಳಲ್ಲಿ ಯಾವುದು?

ಉತ್ತರ 1:
ಆ ಪ್ಲೇಟಿನಿಂದ ಗೊತ್ತಾಗುವುದಿಲ್ಲ. ಅದರಲ್ಲಿ ಪೆಪ್ಟೋನ್ (ಅರೆಜೀರ್ಣಗೊಂಡ ಪ್ರೋಟೀನ್) ಇದೆ, ಫೀನಾಲ್ ಮುಟ್ಟದವೂ ಅದನ್ನು ತಿಂದು ಹುಲುಸಾಗಿ ಬೆಳೆಯುತ್ತವೆ. ಫೀನಾಲ್ ಬಿಟ್ಟರೆ ಬೇರೆ ಆಹಾರವೇ ಇಲ್ಲದ ಲವಣ ದ್ರಾವಣದಲ್ಲಿ ಬೆಳೆಸಿ. ಲೀಟರಿಗೆ ಡೈಪೊಟ್ಯಾಸಿಯಂ ಫಾಸ್ಫೇಟ್ 1 ಗ್ರಾಂ, ಮೊನೊಪೊಟ್ಯಾಸಿಯಂ ಫಾಸ್ಫೇಟ್ 0.5, ಅಮೋನಿಯಂ ಸಲ್ಫೇಟ್ 1, ಮೆಗ್ನೀಸಿಯಂ ಸಲ್ಫೇಟ್ 0.2, ಚಿಟಿಕೆ ಕಬ್ಬಿಣದ ಲವಣ. ಕ್ಯಾಲ್ಸಿಯಂ ಕ್ಲೋರೈಡ್ 0.02 ಗ್ರಾಂ ಬೇರೆಯಾಗಿ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕಾಯಿಸಿ), ತಣಿದ ಮೇಲೆ ಸೇರಿಸಿ. ಒಟ್ಟಿಗೆ ಕಾಯಿಸಿದರೆ ಫಾಸ್ಫೇಟ್ ಜೊತೆ ಕೂಡಿ ಬಿಳಿ ಗಸಿ ತಳಕ್ಕಿಳಿಯುತ್ತದೆ. ಫೀನಾಲನ್ನೂ 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ಕೊನೆಗೇ ಹಾಕಿ.

250 ಮಿ.ಲೀ. ಫ್ಲಾಸ್ಕಿಗೆ 100 ಮಿ.ಲೀ. ದ್ರಾವಣ, 5 ಮಿ.ಲೀ. ಸ್ಲಡ್ಜ್, 30 ಡಿಗ್ರಿ, ಶೇಕರ್ 150 ಆರ್‌ಪಿಎಂ. ಮೊದಲು ಲೀಟರಿಗೆ 100 ಮಿ.ಗ್ರಾಂ ಲೆಕ್ಕದಲ್ಲಿ ಫೀನಾಲ್, ಅದು ಮುಗಿದ ಮೇಲೆ 5 ಮಿ.ಲೀ. ತೆಗೆದು ಹೊಸ ಫ್ಲಾಸ್ಕಿಗೆ ಹಾಕಿ, ಮೆಲ್ಲಗೆ 200, 300ಕ್ಕೆ ಏರಿಸಿ. ಒಮ್ಮೆಗೇ ಸಾವಿರ ಹಾಕಿದರೆ ತಿನ್ನಬೇಕಾದವೇ ಸಾಯಬಹುದು. ಐದಾರು ಸಲ ದಾಟಿಸಿದ ಮೇಲೆ ಪ್ಲೇಟಿಗೆ ಹಾಕಿ.

ಉತ್ತರ 2:
ಜೊತೆಗೆ ಎರಡು ಕಂಟ್ರೋಲ್ ಫ್ಲಾಸ್ಕ್ ಇರಲೇಬೇಕು: ಆಟೋಕ್ಲೇವ್ ಮಾಡಿ ಕೊಂದ ಸ್ಲಡ್ಜ್ ಹಾಕಿದ್ದು ಒಂದು, ಫೀನಾಲ್ ಇಲ್ಲದ್ದು ಇನ್ನೊಂದು. ಸತ್ತ ಸ್ಲಡ್ಜ್ ಇದ್ದಲ್ಲೂ ಫೀನಾಲ್ ಇಳಿದರೆ ಅದು ಹೀರಿಕೆ ಅಥವಾ ಆವಿ, ಬ್ಯಾಕ್ಟೀರಿಯಾದ ಕೆಲಸವಲ್ಲ. ಫೀನಾಲ್ ಇಲ್ಲದಲ್ಲೂ ಅಷ್ಟೇ ಕದಡು ಬಂದರೆ ಸ್ಲಡ್ಜ್ ಜೊತೆ ಬಂದ ಬೇರೆ ಆಹಾರದ ಮೇಲೆ ಬೆಳೆದಿವೆ ಎಂದರ್ಥ. ಫೀನಾಲ್ ಅಳೆಯಲು 4-ಅಮಿನೊಆಂಟಿಪೈರಿನ್ ಎಂಬ ಬಣ್ಣ ಬರಿಸುವ ಪರೀಕ್ಷೆ ಸಾಕು, ಆದರೆ ಅದು ಫೀನಾಲಿನ ಬಂಧುವಾದ ಪ್ಯಾರಾ-ಕ್ರೆಸಾಲ್ ಅನ್ನು ಹಿಡಿಯುವುದಿಲ್ಲ. ನಿಮ್ಮಲ್ಲಿ ಕ್ರೆಸಾಲ್ ಬಳಕೆಯಿದ್ದರೆ ಒಂದೊಂದು ರಾಸಾಯನಿಕವನ್ನೂ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಮಾಡಿಸಿ.

ಪ್ರಶ್ನೆ ಕೇಳಿದವರು:
ಕಾಲೊನಿಗಳ ಮೇಲೆ ಕ್ಯಾಟೆಕಾಲ್ (ಫೀನಾಲ್ ಒಡೆಯುವಾಗ ನಡುವೆ ಬರುವ ವಸ್ತು) ದ್ರಾವಣ ಸಿಂಪಡಿಸಿದಾಗ ಎರಡು ಮಾತ್ರ ಹಳದಿಯಾದವು. ಉಳಿದವನ್ನು ಬಿಡಬಹುದೇ?

ಉತ್ತರ 3:
ಬಿಡಬೇಡಿ. ಹಳದಿ ಬರುವುದು ಕ್ಯಾಟೆಕಾಲ್ ಉಂಗುರವನ್ನು ಮೆಟಾ ದಾರಿಯಲ್ಲಿ (ಎರಡು ಹೈಡ್ರಾಕ್ಸಿಲ್ ಗುಂಪುಗಳ ಹೊರಬದಿಯಲ್ಲಿ) ಸೀಳುವವುಗಳಿಗೆ. ಆರ್ಥೊ ದಾರಿಯಲ್ಲಿ (ಆ ಎರಡು ಗುಂಪುಗಳ ನಡುವೆ) ಸೀಳುವವು ಬಣ್ಣ ಕೊಡದೆಯೇ ಫೀನಾಲ್ ಮುಗಿಸುತ್ತವೆ. ಒಂದೊಂದನ್ನೂ ಫ್ಲಾಸ್ಕಿನಲ್ಲಿ ಬೇರೆಬೇರೆಯಾಗಿ ಪರೀಕ್ಷಿಸಿ.

ಬ್ಯಾಕ್ಟೀರಿಯಾದ ಹೆಸರು ತಿಳಿಯಲು 27ಎಫ್, 1492ಆರ್ ಪ್ರೈಮರ್‌ಗಳಿಂದ (ಜೀನನ್ನು ನಕಲಿಸಲು ಬೇಕಾದ ಡಿಎನ್‌ಎ ತುಣುಕುಗಳು) ಬ್ಯಾಕ್ಟೀರಿಯಾಗಳನ್ನು ಗುರುತಿಸಲು ಬಳಸುವ 16ಎಸ್ ಜೀನಿನ ಅನುಕ್ರಮ ಓದಿಸಿ. ಸ್ಯುಡೊಮೊನಾಸ್ ಎಂದು ಬಂದರೆ ಪ್ರಭೇದದ ಹೆಸರನ್ನು ನಂಬಬೇಡಿ, ಹತ್ತಿರದ ಪ್ರಭೇದಗಳನ್ನು ಚೆನ್ನಾಗಿ ಬೇರ್ಪಡಿಸುವ ಆರ್‌ಪಿಒಡಿ (rpoD) ಜೀನನ್ನೂ ಓದಿಸಬೇಕು. ಪಿಸಿಆರ್‌ನಲ್ಲಿ (ಜೀನನ್ನು ನಕಲಿಸುವ ವಿಧಾನ) ಬ್ಯಾಂಡೇ ಬರದಿದ್ದರೆ ಡಿಎನ್‌ಎಯನ್ನು ಹತ್ತು ಪಟ್ಟು ತೆಳುವಾಗಿಸಿ ನೋಡಿ. ಸ್ಲಡ್ಜಿನ ಹ್ಯೂಮಿಕ್ ಆಮ್ಲ ಎಂಜೈಮನ್ನು ತಡೆಯುತ್ತಿರಬಹುದು.

ಇಷ್ಟಾದರೂ ಟ್ಯಾಂಕಿನಲ್ಲಿ ದುಡಿಯುತ್ತಿರುವುದು ಅದೇ ಎನ್ನಲಾಗದು. 2002ರಲ್ಲಿ ಒಂದು ಕೈಗಾರಿಕಾ ರಿಯಾಕ್ಟರಿನ ಸ್ಲಡ್ಜಿಗೆ ಕಾರ್ಬನ್-13 ಇರುವ ಫೀನಾಲ್ ಉಣಿಸಿ, ಆ ಭಾರದ ಕಾರ್ಬನ್ ಯಾರ ಆರ್‌ಎನ್‌ಎಗೆ ಸೇರಿತೆಂದು ನೋಡಿದಾಗ ಮುಂದೆ ಬಂದದ್ದು ಥವೇರಾ ಎಂಬ ಬ್ಯಾಕ್ಟೀರಿಯಾ. ಪ್ಲೇಟಿನಲ್ಲಿ ಸುಲಭವಾಗಿ ಸಿಗುವ ಸ್ಯುಡೊಮೊನಾಸ್ ಅಲ್ಲ. ಹಾಗಾಗಿ ಫ್ಲಾಸ್ಕಿಗೆ ಹಾಕುವ ದಿನವೇ ಅದೇ ಸ್ಲಡ್ಜಿನ ಒಂದಿಷ್ಟನ್ನು ಮೈನಸ್ 80 ಡಿಗ್ರಿಯಲ್ಲಿ ಇಡಿ. ನೀವು ಬೆಳೆಸಿದ್ದು ಮೂಲದಲ್ಲಿ ಎಷ್ಟಿತ್ತೆಂದು ಆಮೇಲೆ ಆಂಪ್ಲಿಕಾನ್ ಸೀಕ್ವೆನ್ಸಿಂಗ್‌ನಲ್ಲಿ (ಸ್ಲಡ್ಜಿನಲ್ಲಿರುವ ಎಲ್ಲದರ 16ಎಸ್ ಜೀನನ್ನು ಒಟ್ಟಿಗೆ ಓದುವುದು) ನೋಡಬಹುದು.