ದಿನಕ್ಕೆ ಮೂರು ಗಂಟೆ ಕರೆಂಟು, ಸ್ಮಾರ್ಟ್ ಕ್ಲಾಸ್ ನಡೆಸೋದು ಹೇಗೆ?

ನಗರ ಹೋಬಳಿ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆ. ಶೀಟಿನ ಮಾಡು, ನೆಟ್‌ವರ್ಕ್ ಇಲ್ಲ ಅಂತಲೇ ಇಟ್ಟುಕೊಳ್ಳಿ. ದಾನಿಗಳು ಕೊಟ್ಟ ಸಾಮಾನು ಇಷ್ಟು: ಲ್ಯಾಂಪ್ ಇರುವ ಪ್ರೊಜೆಕ್ಟರ್ (ಹಿಂದೆ 280 ವ್ಯಾಟ್ ಅಂತ ಬರೆದಿದೆ), ಒಂದು ಡೆಸ್ಕ್‌ಟಾಪ್, ಒಂದು ಲ್ಯಾಪ್‌ಟಾಪ್, 850 ವಿಎ ಇನ್ವರ್ಟರ್, 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ.

ಆರಿದ್ರಾ ಮಳೆ ಹಿಡಿದ ಮೇಲೆ ಕರೆಂಟು ದಿನಕ್ಕೆ ಮೂರು ನಾಲ್ಕು ಗಂಟೆ ಇದ್ದರೆ ಪುಣ್ಯ. ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಇಲ್ಲವೇ ಇಲ್ಲ. ಎರಡನೇ ಪೀರಿಯಡ್ ಮುಗಿಯುವ ಮೊದಲೇ ಇನ್ವರ್ಟರ್ ಕೂಗಲು ಶುರು ಮಾಡುತ್ತದೆ. ಇನ್ನೊಂದು ಬ್ಯಾಟರಿ ಸೇರಿಸಿ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿ) ಸುಮಾರು 25 ಸಾವಿರ ಹೊಂದಿಸಬಹುದು. ಬ್ಯಾಟರಿ ತಗೊಳ್ಳೋದೋ, ಸೋಲಾರ್ ಹಾಕಿಸೋದೋ? ತಿಳಿದವರು ಹೇಳಿ.

ವೋಲ್ಟ್‌ಮೀಟರ್, ಸಾಗರ

ಎರಡನೇ ಬ್ಯಾಟರಿ ಬೇಡ ಮೇಡಂ. ನಿಮ್ಮಲ್ಲಿ ಕಡಿಮೆ ಇರೋದು ಬ್ಯಾಟರಿ ಅಲ್ಲ, ಅದನ್ನು ತುಂಬಿಸೋಕೆ ಬೇಕಾದ ಹೊತ್ತು. ಲೆಕ್ಕ ನೋಡಿ.

150 ಎಎಚ್ × 12 ವೋಲ್ಟ್ = ಕಾಗದದ ಮೇಲೆ 1800 ವ್ಯಾಟ್-ಅವರ್. ಟ್ಯೂಬ್ಯುಲರ್ ಅಂದರೆ ಲೆಡ್ ಆಸಿಡ್ ಬ್ಯಾಟರಿಯೇ, ಅದು ನಾಲ್ಕಾರು ವರ್ಷ ಬಾಳಬೇಕಾದರೆ ಅರ್ಧ ಮಾತ್ರ ಬಳಸಬೇಕು, ಅಂದರೆ 900. ಇನ್ವರ್ಟರೇ ಶೇ. 15-20 ತಿನ್ನುತ್ತದೆ. ಕೈಗೆ ಸಿಗೋದು 720ರ ಆಸುಪಾಸು. ಪ್ರೊಜೆಕ್ಟರ್ 280, ಮಾನಿಟರ್ ಸಮೇತ ಡೆಸ್ಕ್‌ಟಾಪ್ 120, ಒಟ್ಟು 400 ವ್ಯಾಟ್. ಬ್ಯಾಟರಿ ತುಂಬಿದ್ದರೂ ಒಂದೂಮುಕ್ಕಾಲು ಗಂಟೆಗೆ ಮುಗೀತು.

ಈಗ ಚಾರ್ಜಿಂಗ್. ಈ ಅಳತೆಯ ಇನ್ವರ್ಟರ್ ಬ್ಯಾಟರಿಗೆ 12-15 ಆಂಪಿಯರ್ ಕೊಡುತ್ತದೆ. ಅರ್ಧ ಖಾಲಿಯಾದದ್ದು, ಅಂದರೆ 75 ಎಎಚ್, ತುಂಬೋಕೆ 7-8 ಗಂಟೆ ಬೇಕು, ಯಾಕಂದ್ರೆ ಕೊನೇ ಹಂತದಲ್ಲಿ ಕರೆಂಟು ಎಳೆಯೋದು ಕಡಿಮೆ ಆಗ್ತಾ ಹೋಗುತ್ತೆ. ನಿಮಗೆ ಇರೋದು ಮೂರು ಗಂಟೆ. ದಿನಾ ಸ್ವಲ್ಪ ಸ್ವಲ್ಪ ಸಾಲ ಉಳೀತಾ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತೆ, 150 ಎಎಚ್ ಬ್ಯಾಟರಿ ಒಂದೆರಡು ಮಳೆಗಾಲದಲ್ಲಿ 80ರ ಬ್ಯಾಟರಿ ಆಗಿರುತ್ತೆ. ಎರಡು ಬ್ಯಾಟರಿ ಇಟ್ಟರೆ ಚಾರ್ಜರ್ ಅದೇ, ಮೂರು ಗಂಟೆಯೂ ಅದೇ, ಎರಡೂ ಅರೆಹೊಟ್ಟೆಯಲ್ಲಿ ಸಾಯ್ತವೆ. ಅದೂ ಅಲ್ಲದೆ ಹಳೆಯದರ ಜೊತೆ ಹೊಸದನ್ನು ಪ್ಯಾರಲಲ್ ಹಾಕಿದರೆ ಹಳೆಯದು ಹೊಸದನ್ನೂ ಎಳೆದುಕೊಂಡು ಹೋಗುತ್ತೆ. ಸೀರೀಸ್ ಹಾಕಿದರೆ 24 ವೋಲ್ಟ್, ನಿಮ್ಮ ಇನ್ವರ್ಟರ್ 12ರದ್ದು.

ಆ 25 ಸಾವಿರದಲ್ಲಿ 43 ಇಂಚಿನ ಎಲ್‌ಇಡಿ ಟಿವಿ ತಗೊಳ್ಳಿ. 70 ವ್ಯಾಟ್ ಸುಮಾರು. ಪೆನ್‌ಡ್ರೈವ್ ನೇರ ಟಿವಿಗೇ ಚುಚ್ಚಿದರೆ ಕಂಪ್ಯೂಟರೂ ಬೇಡ. 40 ನಿಮಿಷದ ಪೀರಿಯಡ್‌ಗೆ 47 ವ್ಯಾಟ್-ಅವರ್. ಈಗಿನ ಜೋಡಿ ಅಷ್ಟೇ ಹೊತ್ತಿಗೆ 267 ತಿನ್ನುತ್ತೆ. ಮೂರು ಗಂಟೆ ಚಾರ್ಜ್ ಆದರೆ ಟಿವಿ ಆರು ಪೀರಿಯಡ್ ಓಡುತ್ತೆ, ಪ್ರೊಜೆಕ್ಟರ್ ಒಂದೇ ಒಂದು. ಮಳೆಗಾಲದ ಕ್ಲಾಸ್‌ರೂಮ್ ಹೇಗೂ ಕತ್ತಲು. ಬ್ಯಾಕ್‌ಲೈಟ್ 100ರಿಂದ 60ಕ್ಕೆ ಇಳಿಸಿ, ಇನ್ನೂ 20 ವ್ಯಾಟ್ ಉಳಿಯುತ್ತೆ, ಹಿಂದಿನ ಬೆಂಚಿಗೂ ಕಾಣುತ್ತೆ.

ಇನ್ನೊಂದು: ಸಂಜೆ ಶಾಲೆ ಬಿಡುವಾಗ ಇನ್ವರ್ಟರ್ ಮುಂದಿನ ಸ್ವಿಚ್ ಆಫ್ ಮಾಡಿ ಹೋಗ್ತೀರಾ? ಯಾವ ಲೋಡೂ ಇಲ್ಲದೆ ಅದು ಸುಮ್ಮನೆ 10 ವ್ಯಾಟ್ ಎಳೀತಾ ಇರುತ್ತೆ. ಕರೆಂಟಿಲ್ಲದ ರಾತ್ರಿ ನಾಲ್ಕೂವರೆಯಿಂದ ಬೆಳಿಗ್ಗೆ ಹತ್ತರವರೆಗೆ 175 ವ್ಯಾಟ್-ಅವರ್, ಅಂದರೆ ಹತ್ತಿರ ಹತ್ತಿರ ನಾಲ್ಕು ಪೀರಿಯಡ್ ಗಾಳಿಗೆ. ಸ್ವಿಚ್ ಆಫ್ ಇದ್ದರೂ ಬಹುತೇಕ ಮಾಡೆಲ್‌ಗಳಲ್ಲಿ ಕರೆಂಟು ಬಂದಾಗ ಚಾರ್ಜ್ ಆಗುತ್ತೆ. ಒಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಿ.

ಇನ್ವರ್ಟರ್ ಕೂಗೋವರೆಗೆ ಕಾಯಬೇಡಿ. ಅದು ಕೂಗೋ ಹೊತ್ತಿಗೆ ಬ್ಯಾಟರಿ ಅರ್ಧಕ್ಕಿಂತ ಎಷ್ಟೋ ಕೆಳಗೆ ಹೋಗಿರುತ್ತೆ. ಲೋಡ್ ತೆಗೆದು ಅರ್ಧ ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿದಾಗ 12.2 ವೋಲ್ಟ್ ತೋರಿಸಿದರೆ ಅವತ್ತಿಗೆ ಸಾಕು.

ಗುಡ್ಡೇಕೊಪ್ಪ

ಒಂದು ಸಣ್ಣ ಪ್ರಶ್ನೆ. ಕರೆಂಟು ಇರುವ ಹೊತ್ತಲ್ಲಿ ವೋಲ್ಟೇಜ್ ಎಷ್ಟಿದೆ? ಪ್ಲಗ್ಗಿನಲ್ಲಿ ಅಳೆದು ಹೇಳಿ.

ನಗರ ಹೋಬಳಿ ಟೀಚರ್

ಬೆಳಿಗ್ಗೆ 170, ಮಧ್ಯಾಹ್ನ 185. ನಮ್ಮದು ಲೈನಿನ ಕಟ್ಟಕಡೆ.

ಗುಡ್ಡೇಕೊಪ್ಪ

ಹಾಗಾದರೆ ಆ ಮೂರು ಗಂಟೆಯೂ ನಿಮಗೆ ಪೂರ್ತಿ ಸಿಗ್ತಿಲ್ಲ. ಇನ್ವರ್ಟರ್ ಹಿಂದೆ ಒಂದು ಚಿಕ್ಕ ಸ್ವಿಚ್ ಇರುತ್ತದೆ, ಯುಪಿಎಸ್ ಮತ್ತು ನಾರ್ಮಲ್ ಅಂತ. ಕೆಲವದರಲ್ಲಿ ಇಕೋ ಅಂತ ಬರೆದಿರುತ್ತಾರೆ. ಯುಪಿಎಸ್ ಕಡೆಗಿದ್ದರೆ 180 ವೋಲ್ಟಿಗಿಂತ ಕೆಳಗೆ ಬಂದ ಕರೆಂಟನ್ನು ಇನ್ವರ್ಟರ್ ಒಪ್ಪೋದಿಲ್ಲ, ಕರೆಂಟಿದ್ದರೂ ಬ್ಯಾಟರಿಯಿಂದಲೇ ಎಳೆಯುತ್ತದೆ. ಬಲ್ಬು ಡಿಮ್ಮಾಗಿ ಉರಿಯುತ್ತಿರುವಾಗಲೂ ಬ್ಯಾಟರಿ ಇಳಿಯುತ್ತಿದ್ದರೆ ಇದೇ ಕಾರಣ. ನಾರ್ಮಲ್‌ಗೆ ಹಾಕಿ. 100-120 ವೋಲ್ಟಿನವರೆಗೂ ಒಪ್ಪಿಕೊಂಡು ಚಾರ್ಜ್ ಮಾಡುತ್ತದೆ, ಸ್ವಲ್ಪ ನಿಧಾನ ಅಷ್ಟೆ.

ನಾರ್ಮಲ್‌ನಲ್ಲಿ ಕರೆಂಟು ಹೋಗಿ ಬ್ಯಾಟರಿಗೆ ಬದಲಾಗೋಕೆ ತುಸು ಹೆಚ್ಚು ಹೊತ್ತು, ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಬಹುದು. ಲ್ಯಾಪ್‌ಟಾಪಿಗೆ ಅದರದ್ದೇ ಬ್ಯಾಟರಿ ಇರುವುದರಿಂದ ಗೊತ್ತೇ ಆಗೋದಿಲ್ಲ. ಡೆಸ್ಕ್‌ಟಾಪನ್ನು ಆಫೀಸಿಗೆ ಕೊಟ್ಟುಬಿಡಿ.

ವೋಲ್ಟೇಜ್ ಹೀಗೆ ಕಡಿಮೆ ಇದ್ದರೆ ತಾರೀಖು, ಹೊತ್ತು, ಅಳತೆ ಬರೆದಿಟ್ಟು ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಸೆಕ್ಷನ್ ಆಫೀಸಿಗೂ ಒಂದು ಅರ್ಜಿ ಕೊಡಿ. ಎಷ್ಟೋ ಸಲ ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಅಥವಾ ಕಂಬದ ಮೇಲೆ ಜಂಪರ್, ಅಂದರೆ ಲೈನುಗಳನ್ನು ಸೇರಿಸುವ ತುಂಡು ತಂತಿ, ಸಡಿಲಾಗಿರುತ್ತದೆ. ಬಲ್ಬು ಡಿಮ್ ಆಗೋ ಬದಲು ಇದ್ದಕ್ಕಿದ್ದಂತೆ ಜಾಸ್ತಿ ಬೆಳಕು ಕೊಟ್ಟರೆ ಮಾತ್ರ ತಕ್ಷಣ ಮೇನ್ ಸ್ವಿಚ್ ಇಳಿಸಿ. ನ್ಯೂಟ್ರಲ್ ಕಿತ್ತಿರುವ ಲಕ್ಷಣ ಅದು. 230 ಇರಬೇಕಾದ ಕಡೆ 350ರವರೆಗೂ ಹೋಗುತ್ತದೆ, ಟಿವಿ ಉಳಿಯೋದಿಲ್ಲ.

ವಿಜ್ಞಾನ ಪೆಟ್ಟಿಗೆ, ತೀರ್ಥಹಳ್ಳಿ

ಮೇಲಿನವರು ಕರೆಂಟಿನ ಮಾತು ಹೇಳಿದ್ದಾರೆ, ನಾನು ಪಾಠದ ಕಡೆಯಿಂದ.

ಪೀರಿಯಡ್ ಪೂರ್ತಿ ಪರದೆ ಉರಿಯುತ್ತಿರಬೇಕು ಅಂತೇನಿಲ್ಲ. ಏಳನೇ ಕ್ಲಾಸಿಗೆ ಉಷ್ಣದ ಪಾಠ ಅಂದುಕೊಳ್ಳಿ. ಮೂರು ನಿಮಿಷದ ತುಣುಕು ಹಾಕಿ, ಕಾದ ನೀರು ಮೇಲೇರುವ ಜಾಗಕ್ಕೆ ಬಂದಾಗ ನಿಲ್ಲಿಸಿ, "ಮುಂದೆ ಏನಾಗುತ್ತೆ?" ಅಂತ ಕೇಳಿ. ಮಕ್ಕಳು ಸ್ಲೇಟಿನಲ್ಲೋ ನೋಟ್ಸಿನಲ್ಲೋ ಚಿತ್ರ ಬರೀಲಿ, ಅಷ್ಟು ಹೊತ್ತು ಟಿವಿ ಆಫ್. ಆಮೇಲೆ ಉಳಿದದ್ದು ತೋರಿಸಿ. 40 ನಿಮಿಷದಲ್ಲಿ ಟಿವಿ ಓಡೋದು 10-12 ನಿಮಿಷ. ಕರೆಂಟು ಉಳಿಸೋ ಉಪಾಯ ಅಂತ ಹೇಳ್ತಿಲ್ಲ, ಪಾಠವೂ ಹೀಗೇ ಚೆನ್ನಾಗಿ ತಲೆಗೆ ಹತ್ತೋದು. ಪ್ರತಿ ತುಣುಕಿನ ಮುಖ್ಯ ಚಿತ್ರವೊಂದನ್ನು ಮೊದಲೇ ಚಾರ್ಟಿನಲ್ಲಿ ಬರೆಸಿಟ್ಟರೆ ಬ್ಯಾಟರಿ ನಡುವೆ ಕೈಕೊಟ್ಟರೂ ಪಾಠ ನಿಲ್ಲೋದಿಲ್ಲ.

ಶೀಟಿನ ಮಾಡು ಅಂದಿರಿ. ಪುಷ್ಯ ಮಳೆ ಜೋರಾಗಿ ಹೊಡೆಯುವಾಗ ಟಿವಿ ಸ್ಪೀಕರ್ ಎದುರಿನ ಬೆಂಚಿಗೂ ಕೇಳೋದಿಲ್ಲ. ಅದಕ್ಕೆ ಮಾತು ಹೆಚ್ಚಿರುವ ವಿಡಿಯೊ ಮಳೆಗಾಲಕ್ಕೆ ಬೇಡ. ಚಿತ್ರ ನೋಡಿದರೇ ಅರ್ಥವಾಗುವಂಥದ್ದನ್ನು ಆರಿಸಿ, ಮ್ಯೂಟ್ ಮಾಡಿ, ನೀವೇ ವಿವರಿಸಿ. ಮಾತು ಬೇಕೇ ಬೇಕು ಅಂದರೆ ಚಾರ್ಜ್ ಮಾಡುವ ಬ್ಲೂಟೂತ್ ಸ್ಪೀಕರನ್ನು ಕ್ಲಾಸಿನ ಮಧ್ಯೆ ಇಡಿ, ಇನ್ವರ್ಟರಿಗೆ ಅದರ ಹೊರೆ ಬೀಳಲ್ಲ.

ಡೌನ್‌ಲೋಡ್: ಪೇಟೆಗೆ ಹೋದಾಗ ದೀಕ್ಷಾ ಆ್ಯಪಿನಲ್ಲಿ ಬೇಕಾದ ಪಾಠಗಳನ್ನು ಇಳಿಸಿಕೊಳ್ಳಿ. ರಾಜ್ಯ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳೆಲ್ಲ ಪಿಡಿಎಫ್ ಸಿಗುತ್ತವೆ. ಫೆಟ್ (PhET) ಸಿಮ್ಯುಲೇಶನ್‌ಗಳು, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು, ಒಂದೊಂದೂ ಒಂದೇ ಎಚ್‌ಟಿಎಂಎಲ್ ಫೈಲು, ಇಂಟರ್‌ನೆಟ್ ಇಲ್ಲದೆ ಲ್ಯಾಪ್‌ಟಾಪಿನ ಬ್ರೌಸರಿನಲ್ಲೇ ತೆರೆಯುತ್ತವೆ. ವಿದ್ಯುತ್ ಮಂಡಲ, ಭಿನ್ನರಾಶಿ ಎರಡಕ್ಕೂ ಅದಕ್ಕಿಂತ ಒಳ್ಳೇದು ನನಗೆ ಕಂಡಿಲ್ಲ.

ಟಿವಿಗೆ ಹಾಕುವ ಪೆನ್‌ಡ್ರೈವನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ, ಒಂದೊಂದು ಫೈಲು 4 ಜಿಬಿ ಮೀರದಿರಲಿ. ವಿಡಿಯೊ ಎಂಪಿ4, ಎಚ್.264, 480 ಅಥವಾ 720 ಸಾಕು. ಎಚ್.265 ಆಗಿದ್ದರೆ ಕೆಲವು ಟಿವಿಯಲ್ಲಿ ದನಿ ಮಾತ್ರ ಬರುತ್ತೆ, ಚಿತ್ರ ಇಲ್ಲ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರ ಮತ್ತು ಅಂಕಿಯಲ್ಲಿರಲಿ, ಕನ್ನಡದಲ್ಲಿ ಬರೆದರೆ ಎಷ್ಟೋ ಟಿವಿಗಳಲ್ಲಿ ಚೌಕ ಚೌಕ ಕಾಣುತ್ತೆ.

ಮಕ್ಕಳ ಕೈಗೆ ನಾಲ್ಕೈದು ಟ್ಯಾಬ್ ಸಿಕ್ಕರೆ ಮುಂದಿನ ಹೆಜ್ಜೆ ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್. ಅದರಲ್ಲಿ ಇಂಟರ್‌ನೆಟ್ ಇಲ್ಲದೆ ಪಾಠ ತೋರಿಸುವ ಕೊಲಿಬ್ರಿ ತಂತ್ರಾಂಶ ಹಾಕಿ, ಜೊತೆಗೆ ಆಫ್‌ಲೈನ್ ಓದುವ ಕಿವಿಕ್ಸ್‌ನಲ್ಲಿ ಕನ್ನಡ ವಿಕಿಪೀಡಿಯ. ಪೈ ತಾನೇ ವೈಫೈ ಬಿಡುತ್ತೆ, ಸಿಮ್ ಬೇಡ. ಎಳೆಯೋದು 5-6 ವ್ಯಾಟ್. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 74 ವ್ಯಾಟ್-ಅವರ್, ನಷ್ಟ ಕಳೆದು 60, ಶಾಲೆಯ ಒಂದು ದಿನ ಆರಾಮ. ಎರಡು ಎಚ್ಚರಿಕೆ. ಪೈಗೆ 5 ವೋಲ್ಟ್ 3 ಆಂಪಿಯರ್ ಕೊಡಬಲ್ಲ ಪವರ್ ಬ್ಯಾಂಕೇ ಬೇಕು. ಅದನ್ನು ಚಾರ್ಜಿಗೆ ಹಾಕಿಕೊಂಡೇ ಪೈ ಓಡಿಸಬೇಡಿ, ಕರೆಂಟು ಬಂದು ಹೋಗುವ ಕ್ಷಣಕ್ಕೆ ಅನೇಕ ಪವರ್ ಬ್ಯಾಂಕ್‌ಗಳು ಒಮ್ಮೆ ಕಣ್ಣು ಮಿಟುಕಿಸುತ್ತವೆ. ಅಷ್ಟಕ್ಕೇ ಪೈ ಆರಿ, ಬರೆಯುತ್ತಿದ್ದ ಎಸ್‌ಡಿ ಕಾರ್ಡ್ ಕೆಡುತ್ತೆ. ಎಲ್ಲ ಸಿದ್ಧವಾದ ಮೇಲೆ ಆ ಕಾರ್ಡಿನ ಒಂದು ನಕಲು ಮಾಡಿ ಬೀರುವಿನಲ್ಲಿಡಿ.

ಜಂಬಿಟ್ಟಿಗೆ

ಟಿವಿ ತಂದ ಮೇಲೆ ಸಿಡಿಲಿನ ಬಗ್ಗೆ ಯೋಚಿಸಿ. ನಮ್ಮಲ್ಲಿ ಗುಡುಗು ಸಿಡಿಲು ಹೆಚ್ಚು ಏಪ್ರಿಲ್-ಮೇನಲ್ಲಿ, ಮತ್ತೆ ಅಕ್ಟೋಬರಿನಲ್ಲಿ. ಏಪ್ರಿಲಿನಲ್ಲಿ ಜಂಬಿಟ್ಟಿಗೆ ನೆಲ ಒಣಗಿ ಕಲ್ಲಾಗಿರುತ್ತೆ, ಅರ್ಥಿಂಗ್ ಕೆಲಸ ಮಾಡಬೇಕಾದ ಹೊತ್ತಲ್ಲೇ ಅದು ಅತ್ಯಂತ ದುರ್ಬಲ. ಗುಂಡಿ ಎರಡೂವರೆ ಮೀಟರ್ ಆಳ, ಜಿಐ ಪೈಪು, ಸುತ್ತ ಇದ್ದಲು ಮತ್ತು ಉಪ್ಪು ಪದರ ಪದರವಾಗಿ. ಮಾರ್ಚ್ ಮುಗಿದ ಮೇಲೆ ವಾರಕ್ಕೆ ಎರಡು ಕೊಡ ನೀರು. ಅರ್ಥ್ ಟೆಸ್ಟರಿನಲ್ಲಿ 5 ಓಮ್ ಒಳಗೆ ಬರಬೇಕು.

ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಆದರೆ ಅದನ್ನೇ ನಂಬಿ ಕೂರಬೇಡಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದಕ್ಕೆ ಸಿಡಿಲಿನ ಕರೆಂಟನ್ನು ಸಾಗಿಸೋಕೆ ಜಾಗವೇ ಇಲ್ಲ. ಸಂಜೆ ಹೊರಡುವಾಗ ಟಿವಿಯ ಪ್ಲಗ್ ಕಿತ್ತಿಡೋದೇ ಸೈ. ಸ್ವಿಚ್ ಆಫ್ ಮಾಡಿದರೆ ಸಾಲದು, ಕೀಳಬೇಕು. ಡಿಶ್ಶಿನ ವೈರು ಅಥವಾ ಪಕ್ಕದ ಕಟ್ಟಡದಿಂದ ಬಂದ ಲ್ಯಾನ್ ಕೇಬಲ್ ಇದ್ದರೆ ಅದನ್ನೂ. ಎಷ್ಟೋ ಟಿವಿ ಸುಡೋದು ಪ್ಲಗ್ಗಿನಿಂದಲ್ಲ, ಆ ವೈರಿಂದ.

ಗಾಳಿಯ ತೇವಕ್ಕೆ ಮದ್ದು ಸುಲಭ: ರಜೆಯಲ್ಲೂ ವಾರಕ್ಕೆರಡು ಸಲ ಟಿವಿ ಕಾಲು ಗಂಟೆ ಓಡಿಸಿ, ಒಳಗಿನ ಬಿಸಿಗೆ ತೇವ ಆರುತ್ತೆ. ಗೋಡೆಗೆ ಅಂಟಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಇನ್ವರ್ಟರಿನ ಗಾಳಿಕಿಂಡಿಗೆ ಸೊಳ್ಳೆ ಪರದೆಯ ಜಾಲರಿ ಕಟ್ಟಿ, ಹಲ್ಲಿ ನುಗ್ಗಿ ಬೋರ್ಡ್ ಶಾರ್ಟ್ ಆಗೋದು ಇಲ್ಲಿ ಮಾಮೂಲು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಸೂರಿನ ಮಳೆನೀರು ಶುದ್ಧ ಅಂತ ಹಾಕುವವರಿದ್ದಾರೆ, ಶೀಟಿನ ಸತು, ಧೂಳು ಎಲ್ಲ ಅದರಲ್ಲೇ ಇರುತ್ತೆ.

ವೋಲ್ಟ್‌ಮೀಟರ್, ಸಾಗರ

ಸೋಲಾರ್ ಬಗ್ಗೆ ಕೇಳಿದ್ದಿರಿ, ಬಿಟ್ಟುಹೋಗಿತ್ತು. ಆಶ್ಲೇಷದ ಮೋಡದಲ್ಲಿ ಪ್ಯಾನೆಲ್ ಕಾಲು ಭಾಗಕ್ಕೂ ಕಡಿಮೆ ಕೊಡುತ್ತೆ. 330 ವ್ಯಾಟಿನ ಒಂದು ಪ್ಯಾನೆಲ್ ಐದನೇ ಒಂದು ಭಾಗದ ಲೆಕ್ಕದಲ್ಲಿ ಐದು ಗಂಟೆ ಕೊಟ್ಟರೂ 330 ವ್ಯಾಟ್-ಅವರ್, ನಷ್ಟ ಕಳೆದು 230. ಪ್ರೊಜೆಕ್ಟರ್ ಜೋಡಿಗೆ ಒಂದು ಪೀರಿಯಡೂ ಸಾಲದು, ಟಿವಿಗೆ ನಾಲ್ಕೈದು ಪೀರಿಯಡ್. ಅದಕ್ಕೇ ಮೊದಲು ಟಿವಿ, ಮುಂದಿನ ವರ್ಷ ದಾನಿಗಳು ಸಿಕ್ಕರೆ ಪ್ಯಾನೆಲ್. ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆ ಇರಲಿ, ಪಾಚಿ ಎಲೆ ನಿಲ್ಲಲ್ಲ. ಮುಖ್ಯ ಮಾತು: 330 ವ್ಯಾಟಿನ ಪ್ಯಾನೆಲ್ 37 ವೋಲ್ಟ್ ಸುಮಾರಿಗೆ ಕೆಲಸ ಮಾಡುವಂಥದ್ದು. ಅದನ್ನು 12 ವೋಲ್ಟ್ ಬ್ಯಾಟರಿಗೆ ಅಗ್ಗದ ಪಿಡಬ್ಲ್ಯೂಎಂ ಕಂಟ್ರೋಲರಿನಲ್ಲಿ ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಹಾಳು. ಪ್ಯಾನೆಲ್ಲಿನ ವೋಲ್ಟೇಜನ್ನು ಬ್ಯಾಟರಿಗೆ ಹೊಂದಿಸಿ ಕೊಡುವ ಎಂಪಿಪಿಟಿ ಕಂಟ್ರೋಲರೇ ಬೇಕು ಅಂತ ಕೊಟೇಶನ್ನಿನಲ್ಲೇ ಬರೆಸಿ.

ಈಗಿನ ಬ್ಯಾಟರಿ ಸತ್ತ ದಿನ ಮತ್ತೆ ಟ್ಯೂಬ್ಯುಲರ್ ಬೇಡ, 100 ಎಎಚ್ ಲಿಥಿಯಂ ಫಾಸ್ಫೇಟ್ ನೋಡಿ. ಶೇ. 80 ಬಳಸಬಹುದು, ಅರ್ಧಂಬರ್ಧ ಚಾರ್ಜಿನಲ್ಲಿಟ್ಟರೂ ಅದಕ್ಕೆ ಬೇಜಾರಿಲ್ಲ, ನಿಮ್ಮ ಮೂರು ಗಂಟೆ ಕರೆಂಟಿಗೆ ಹೇಳಿ ಮಾಡಿಸಿದ್ದು. ಇನ್ವರ್ಟರಿನಲ್ಲಿ ಲಿಥಿಯಂ ಸೆಟ್ಟಿಂಗ್ ಇದೆಯಾ ಅಂತ ಮೊದಲು ನೋಡಿ.

ನಗರ ಹೋಬಳಿ ಟೀಚರ್

ಸ್ವಿಚ್ ಯುಪಿಎಸ್ ಕಡೆಗೇ ಇತ್ತು, ಬದಲಾಯಿಸಿದೆ. ಬೆಳಿಗ್ಗೆ 170 ವೋಲ್ಟಿನಲ್ಲೂ ಚಾರ್ಜಿಂಗ್ ದೀಪ ಹತ್ತುತ್ತಿದೆ. ಟಿವಿ ವಿಷಯ ಎಸ್‌ಡಿಎಂಸಿ ಸಭೆಗೆ ಇಡುತ್ತೇನೆ. ಪ್ರೊಜೆಕ್ಟರ್ ಏನು ಮಾಡಲಿ?

ಜಂಬಿಟ್ಟಿಗೆ

ನವೆಂಬರಿನಿಂದ ಫೆಬ್ರವರಿವರೆಗೆ ಬಳಸಿ, ಶಾಲಾ ವಾರ್ಷಿಕೋತ್ಸವಕ್ಕೂ ಆಗುತ್ತೆ. ಆಗಲೂ ಇನ್ವರ್ಟರ್ ಲೈನಿಗೇ ಹಾಕಿ. ಕರೆಂಟು ಹೋದ ತಕ್ಷಣ ರಿಮೋಟಿನಲ್ಲಿ ಆಫ್ ಮಾಡಿ, ಫ್ಯಾನ್ ತಾನಾಗೇ ನಿಲ್ಲೋವರೆಗೆ ಎರಡು ಮೂರು ನಿಮಿಷ ಪ್ಲಗ್ ಕೀಳಬೇಡಿ. ಕೆಂಪಗೆ ಕಾದ ಲ್ಯಾಂಪಿಗೆ ಗಾಳಿ ನಿಂತರೆ ಅದರ ಆಯಸ್ಸು ಕಡಿಮೆ. ಮಳೆಗಾಲಕ್ಕೆ ಮುಚ್ಚಳ ಗಟ್ಟಿಯಿರುವ ಪ್ಲಾಸ್ಟಿಕ್ ಡಬ್ಬದಲ್ಲಿ 200 ಗ್ರಾಂ ನೀಲಿ ಸಿಲಿಕಾ ಜೆಲ್ ಜೊತೆ ಇಡಿ, ಇಲ್ಲದಿದ್ದರೆ ಲೆನ್ಸಿಗೆ ಬೂಸಲು ಹಿಡಿಯುತ್ತೆ. ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನೀಲಿಯಾಗೋವರೆಗೆ ಹುರಿದು, ಆರಿಸಿ ವಾಪಸ್ ಹಾಕಿ. ಬಿಸಿಯೂಟದ ಬಾಣಲೆ ಬೇಡ, ಆ ನೀಲಿ ಬಣ್ಣದಲ್ಲಿ ಕೋಬಾಲ್ಟ್ ಇರುತ್ತೆ. ರಿಮೋಟಿನ ಸೆಲ್ ತೆಗೆದಿಡೋದು ಮರೀಬೇಡಿ.