ಹರಾಜಿನಲ್ಲಿ ಹಳೆ ಬೀರು, ಪೆಟ್ಟಿಗೆ ಕೊಂಡವರು ಅನುಭವ ಹೇಳಿ

ಶಿವಮೊಗ್ಗದಿಂದ:
ಕೊಪ್ಪದ ಕಡೆ ಒಂದು ಹಳೆ ಎಸ್ಟೇಟ್ ಬಂಗಲೆಯ ಸಾಮಾನು ಮುಂದಿನ ತಿಂಗಳು ಹರಾಜಿಗೆ ಬರುತ್ತಿದೆ. ಪಟ್ಟಿಯಲ್ಲಿ ಬೀಟೆ ಮರದ ಒಂದು ಬೀರು, ಮೂಲೆಗಳಿಗೆ ಹಿತ್ತಾಳೆ ಹಾಕಿದ ಡ್ರಾಯರ್ ಪೆಟ್ಟಿಗೆ, ಎರಡು ಸಂದೂಕ ಇವೆ. ಅಮ್ಮನ ರೇಷ್ಮೆ ಸೀರೆ ಇಡಲು ನನಗೊಂದು ಗಟ್ಟಿ ಪೆಟ್ಟಿಗೆ ಬೇಕು. ಅಮೆರಿಕದಲ್ಲಿರುವ ತಮ್ಮ ಬೀಟೆ ಬೀರು ತನಗಿರಲಿ ಅಂತಿದ್ದಾನೆ. ನಾನು ಯಾವತ್ತೂ ಸವಾಲು ಕೂಗಿದವಳಲ್ಲ. ಏನು ನೋಡಬೇಕು, ಎಷ್ಟರವರೆಗೆ ಹೋಗಬೇಕು, ಹೇಳ್ತೀರಾ?

ತೀರ್ಥಹಳ್ಳಿಯಿಂದ:
ಅಕ್ಕಾ, ಹರಾಜಿನ ದಿನಕ್ಕಿಂತ ಸಾಮಾನು ನೋಡಲು ಬಿಡುವ ದಿನ ಮುಖ್ಯ. ಅವತ್ತು ಬೆಳಿಗ್ಗೆಯೇ ಹೋಗಿ. ಟಾರ್ಚ್, ಅಳತೆ ಟೇಪು, ಒಂದು ಕಪ್ಪು ಕಾಗದ ಜೊತೆಗಿರಲಿ. ಒಂದೊಂದು ಸಾಮಾನಿಗೂ ಅರ್ಧ ಗಂಟೆ ಕೊಡಿ. ಹರಾಜಿನಲ್ಲಿ ಸಾಮಾನು ಇದ್ದದ್ದು ಇದ್ದ ಹಾಗೇ ಮಾರುವುದು. ಮನೆಗೆ ತಂದ ಮೇಲೆ ಹಿಂದಕ್ಕೆ ಕೊಡೋ ಮಾತೇ ಇಲ್ಲ.

ನನ್ನ ಮೊದಲ ಬೀರು ನೋಡಿ ಕಲಿತದ್ದು ಇದು. ಮುಂಭಾಗದ ಹೊಳಪು ನೋಡಿ ಕೊಂಡೆ. ಮನೆಗೆ ತಂದು ತಿರುಗಿಸಿದರೆ ಬೆನ್ನಿಗೆ ಪ್ಲೈವುಡ್. ಕಾಲು ನಾಲ್ಕೂ ಹೊಸದು, ಹಳೆ ಬಣ್ಣ ಬರಲಿ ಅಂತ ಬಣ್ಣ ಹಚ್ಚಿದ್ದರು. ಅದಕ್ಕೇ ಈಗ ನಾನು ಎದುರಿನಿಂದ ನೋಡೋದು ಕೊನೆಗೆ.

ಮೊದಲು ಡ್ರಾಯರ್ ಪೂರ್ತಿ ಹೊರಗೆ ಎಳೆಯಿರಿ. ಮಗುಚಿ ನೆಲದ ಮೇಲಿಡಿ. ತಳದ ಹಲಗೆ ಮೇಲೆ ಅಂಗೈ ಆಡಿಸಿ. ಕೈಯಿಂದ ತೋಪಡಾ (ಮರ ಹೆರೆದು ನುಣುಪು ಮಾಡುವ ಸಾಧನ) ಹೊಡೆದ ಹಲಗೆ ಆಗಿದ್ದರೆ ಸಣ್ಣ ಸಣ್ಣ ಅಲೆ ಬೆರಳಿಗೆ ಸಿಗುತ್ತದೆ. ಕಣ್ಣಿಗೆ ಕಾಣದಿದ್ದರೂ ಕೈಗೆ ಗೊತ್ತಾಗುತ್ತದೆ. ಆಮೇಲೆ ಮೂಲೆ ನೋಡಿ. ಎರಡು ಹಲಗೆಯನ್ನು ಬೆರಳಿಗೆ ಬೆರಳು ಹೆಣೆದ ಹಾಗೆ ಸೇರಿಸಿರುತ್ತಾರೆ. ಕೈಕೆಲಸವಾದರೆ ಒಂದು ಹಲ್ಲು ಅಗಲ, ಒಂದು ಸಣ್ಣ. ಹಲ್ಲಿನ ಬುಡದಲ್ಲಿ ಆಚಾರಿ ಗುರುತಿಗೆ ಎಳೆದ ತೆಳು ಗೀರು ಎಷ್ಟೋ ಸಲ ಹಾಗೇ ಉಳಿದಿರುತ್ತದೆ. ನನ್ನ ಮನೆಯ ಪೆಟ್ಟಿಗೆಯಲ್ಲಿ ಒಂದು ಕಡೆ ಗೀರು ತಪ್ಪಿ, ಅದರ ಪಕ್ಕದಲ್ಲೇ ಇನ್ನೊಂದು ಎಳೆದಿದ್ದಾನೆ. ಅದನ್ನು ನೋಡಿದಾಗಲೆಲ್ಲ ಆ ಆಚಾರಿ ಎದುರಿಗೇ ಕೂತ ಹಾಗಾಗುತ್ತದೆ. ಎಲ್ಲ ಹಲ್ಲೂ ಒಂದೇ ಅಳತೆ ಇದ್ದರೆ ಅದು ಯಂತ್ರದ ಕೆಲಸ. ಯಂತ್ರದ ಕೆಲಸ ಕೆಟ್ಟದ್ದು ಅಂತಲ್ಲ, ಆದರೆ ಅದಕ್ಕೆ ಕೈಕೆಲಸದ ಬೆಲೆ ಕೊಡಬೇಡಿ.

ಸ್ಕ್ರೂ ನೋಡಿ. ತಲೆ ಮೇಲೆ ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದ ನಂತರ. ನೂರು ವರ್ಷದ್ದು ಅನ್ನುವ ಬೀರುವಿನ ಕೀಲಿನಲ್ಲಿ ಅದು ಕಂಡರೆ ರಿಪೇರಿ ಆಗಿದೆ ಅಂತಲೇ ಅರ್ಥ. ರಿಪೇರಿಯಾಗಿದೆ ಅಂತ ಬಿಟ್ಟುಬಿಡಬೇಕಿಲ್ಲ, ಗೊತ್ತಿದ್ದು ಕೊಂಡರೆ ಸಾಕು.

ಬೀಟೆ ಅಂತ ಬರೆದದ್ದೆಲ್ಲ ಬೀಟೆ ಅಲ್ಲ. ಬೇರೆ ಮರಕ್ಕೆ ಕಪ್ಪು ಬಣ್ಣ ಕೊಟ್ಟಿರುತ್ತಾರೆ. ಕೀಲಿತೂತಿನ ಒಳ ಅಂಚು, ಕೈ ತಾಗಿ ತಾಗಿ ಸವೆದ ಜಾಗ, ಇವಕ್ಕೆ ಟಾರ್ಚ್ ಹಿಡಿಯಿರಿ. ಅಲ್ಲಿ ಬಿಳಿಚು ಮರ ಇಣುಕಿದರೆ ಮೇಲಿನದು ಬರೀ ಬಣ್ಣ. ನಿಜವಾದ ಬೀಟೆ ಸವೆದರೂ ನೇರಳೆ ಕಂದು, ನಡುವೆ ಕಪ್ಪು ಗೆರೆ.

ಹಿತ್ತಾಳೆ ಮೂಲೆಯ ಪೆಟ್ಟಿಗೆ ಬ್ರಿಟಿಷ್ ಅಧಿಕಾರಿಗಳು ಕ್ಯಾಂಪಿನಿಂದ ಕ್ಯಾಂಪಿಗೆ ಒಯ್ಯುತ್ತಿದ್ದ ಜಾತಿಯದಾದರೆ ಮೇಲೊಂದು ಕೆಳಗೊಂದು ಎರಡು ಭಾಗ ಆಗಿ ಬಿಡಿಸಿಕೊಳ್ಳುತ್ತದೆ. ಎರಡನ್ನೂ ಬೇರೆ ಮಾಡಿ ನೋಡಲು ಬಿಡಿ ಅಂತ ಕೇಳಿ. ಹಿತ್ತಾಳೆಯನ್ನು ಮರ ಕೊರೆದು ಮಟ್ಟಸವಾಗಿ ಕೂರಿಸಿರುತ್ತಾರೆ. ಮೇಲಿಂದ ಮೊಳೆ ಹೊಡೆದು ಅಂಟಿಸಿದ್ದರೆ ಅನುಮಾನ ಪಡಿ. ಎರಡು ಬೇರೆ ಬೇರೆ ಪೆಟ್ಟಿಗೆಯ ಭಾಗ ಸೇರಿಸಿ ಒಂದು ಮಾಡಿ ಮಾರುವುದೂ ಉಂಟು. ಮೇಲಿನ ಡ್ರಾಯರಿನ ಮೂಲೆ, ಕೆಳಗಿನದರ ಮೂಲೆ ಒಂದೇ ಕೈಯ ಕೆಲಸವಾ ನೋಡಿ.

ಕಪ್ಪು ಕಾಗದ ಹುಳಕ್ಕೆ. ಕಾಲಿನ ಬುಡದಲ್ಲಿ ಹಾಸಿ, ಮರಕ್ಕೆ ನಾಲ್ಕು ಸಲ ಕೈಯಲ್ಲಿ ತಟ್ಟಿ. ಹಿಟ್ಟಿನಂಥ ಪುಡಿ ಬಿದ್ದರೆ ಹುಳ ಇನ್ನೂ ಇರಬಹುದು. ತೂತಿನ ಒಳಗೆ ಬಣ್ಣ ತಿಳಿಯಾಗಿದ್ದರೆ ಹೊಸ ತೂತು, ಮಂಕಾಗಿದ್ದರೆ ಹಳೆಯದು. ತೇಗದ ಒಳಗಿನ ಚೇಗಿಗೆ ಹುಳ ಬೀಳೋದು ಕಡಿಮೆ, ಹೊರಗಿನ ಬಿಳಿ ಭಾಗಕ್ಕೇ ಜಾಸ್ತಿ.

ಶಿವಮೊಗ್ಗ, ವಿನೋಬನಗರದಿಂದ:
ದುಡ್ಡಿನ ವಿಷಯ ನಾನು ಹೇಳ್ತೀನಿ. ಕೂಗಿದ ಮೊತ್ತವೇ ಕೊನೆಯ ಮೊತ್ತ ಅಲ್ಲ. ಉದಾಹರಣೆಗೆ 30,000ಕ್ಕೆ ನಿಮ್ಮ ಹೆಸರಿಗೆ ನಿಂತಿತು, ಹರಾಜು ಮಾಡುವವರ ಕಮಿಷನ್ ಶೇ 15 ಅಂತಿಟ್ಟುಕೊಳ್ಳಿ. ಅದು 4,500. ಕಮಿಷನ್ ಮೇಲೆ ಶೇ 18 ಜಿಎಸ್‌ಟಿ 810. ಅಲ್ಲಿಗೆ 35,310. ಇದರ ಮೇಲೆ ಗಾಡಿ ಬಾಡಿಗೆ, ಹಮಾಲರ ಕೂಲಿ. ಠೇವಣಿ ಎಷ್ಟು, ಎಷ್ಟು ದಿನದೊಳಗೆ ಸಾಮಾನು ಎತ್ತಬೇಕು ಅನ್ನೋದನ್ನೂ ಮೊದಲೇ ಕೇಳಿ. ಎಲ್ಲ ಸೇರಿಸಿ ನಿಮ್ಮ ಮಿತಿಯನ್ನು ಮನೆಯಲ್ಲೇ ಚೀಟಿಯಲ್ಲಿ ಬರೆಯಿರಿ. ಕೂಗು ಏರುವಾಗ ಎದುರಿನವರ ಮುಖ ನೋಡಬೇಡಿ, ಚೀಟಿ ನೋಡಿ.

ಬಾಗಿಲು ಅಳೆದುಕೊಂಡು ಹೋಗಿ. ನಮ್ಮ ಅತ್ತೆ ಮನೆಗೆ ತಂದ ಬೀರು ಜಗಲಿಯಲ್ಲೇ ಎರಡು ತಿಂಗಳು ನಿಂತಿತ್ತು, ಒಳಬಾಗಿಲು ಅಷ್ಟು ಗಿಡ್ಡ. ಕೊನೆಗೆ ಆಚಾರಿ ಬಂದು ಮೇಲಿನ ಪಟ್ಟಿ ಬಿಚ್ಚಿದ ಮೇಲೆ ಒಳಗೆ ಹೋಯಿತು.

ತಮ್ಮನಿಗೆ ಮಾತ್ರ ಈಗಲೇ ಹೇಳಿಬಿಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲೆ, ಕುಸುರಿಯ ವಸ್ತುವನ್ನು ನಾವು ದೇಶದ ಹೊರಗೆ ಒಯ್ಯುವಂತಿಲ್ಲ. ಅಷ್ಟು ಹಳೆಯದಲ್ಲ ಅಂದುಕೊಂಡರೂ ಬೀಟೆ ಮರ ಸೈಟಿಸ್ ಪಟ್ಟಿಯಲ್ಲಿದೆ, ಅಂದರೆ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ. ಬೀರುವಿನಂಥ ದೊಡ್ಡ ಸಾಮಾನು ಕಳಿಸಲು ಅದಕ್ಕೆ ಬೇರೆ ಕಾಗದಪತ್ರ ಬೇಕು. ರಸೀದಿ ಮಾತ್ರ ಯಾವತ್ತೂ ಕಳೆದುಕೊಳ್ಳಬೇಡಿ.

ಸಾಗರದಿಂದ:
ಬೇಸಿಗೆಯಲ್ಲಿ ಕೊಂಡ ಡ್ರಾಯರ್ ಆಷಾಢದಲ್ಲಿ ಕಚ್ಚಿಕೊಳ್ಳುತ್ತದೆ. ಗಾಬರಿ ಬೀಳಬೇಡಿ, ಮಳೆಗೆ ಮರ ಉಬ್ಬಿರುತ್ತದೆ ಅಷ್ಟೇ. ಆಗ ಆಚಾರಿಯನ್ನು ಕರೆದು ಕೆತ್ತಿಸಿಬಿಟ್ಟರೆ ಫೆಬ್ರುವರಿಗೆ ಗಡಗಡ ಅಲ್ಲಾಡುತ್ತದೆ. ಡ್ರಾಯರ್ ಜಾರುವ ಜಾಗಕ್ಕೆ ಸುಮ್ನೆ ಮೇಣದಬತ್ತಿ ಉಜ್ಜಿ. ಅರಗಿನ ಪಾಲಿಶ್ ಮಾಡಿಸುವುದಿದ್ದರೂ ಮಳೆಗಾಲ ಬೇಡ. ಗಾಳಿಯ ತೇವಕ್ಕೆ ಬಿಳಿ ಮಂಜು ಕವಿದ ಹಾಗಾಗುತ್ತದೆ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಇಡಿ, ಇಲ್ಲದಿದ್ದರೆ ಬೆನ್ನಿಗೆ ಬೂಸ್ಟು ಗ್ಯಾರಂಟಿ. ರೇಷ್ಮೆ ನೇರವಾಗಿ ಮರಕ್ಕೆ ತಾಗಬಾರದು. ಒಗೆದ ಹಳೆ ಹತ್ತಿ ಪಂಚೆ ಹಾಸಿ ಇಡಿ.

ಹೊಸನಗರದಿಂದ:
ಒಂದು ಮಾತು ಕೇಳಿಕೊಳ್ತೀನಿ. ತಂದ ಕೂಡಲೇ ಉಜ್ಜಿ ಹೊಸದು ಮಾಡಬೇಡಿ. ನಮ್ಮಜ್ಜನ ಮನೆ ಶರಾವತಿ ಹಿನ್ನೀರಿಗೆ ಹೋಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವುದಕ್ಕೆ ಮುಂಚೆ ಎತ್ತಿನ ಗಾಡಿಯಲ್ಲಿ ಹೇರಿ ತಂದದ್ದರಲ್ಲಿ ಒಂದು ಹಲಸಿನ ಸಂದೂಕ ಉಳಿದಿದೆ. ಮುಚ್ಚಳದ ಒಳಗೆ ಅಜ್ಜಿ ಸುಣ್ಣದಲ್ಲಿ ಎಳೆದ ಲೆಕ್ಕದ ಗೆರೆಗಳಿವೆ. ಐದೈದರ ಕಟ್ಟು, ಬಹುಶಃ ಅಡಿಕೆ ಲೆಕ್ಕ. ನಮ್ಮ ಚಿಕ್ಕಪ್ಪ ಇನ್ನೊಂದು ಸಂದೂಕಕ್ಕೆ ಮಷಿನ್ ಹಿಡಿಸಿ ಫಳಫಳ ಮಾಡಿಸಿದರು. ಅದರೊಳಗೆ ಏನಿತ್ತೋ, ಈಗ ಏನೂ ಇಲ್ಲ. ಒಣ ಬಟ್ಟೆಯಲ್ಲಿ ಒರೆಸಿ ಒಂದು ವರ್ಷ ಹಾಗೇ ಇಟ್ಟುಕೊಳ್ಳಿ. ಆಮೇಲೆ ನೋಡಿದರಾಯಿತು.

ಶಿವಮೊಗ್ಗದಿಂದ, ಹರಾಜಿನ ಮರುದಿನ:
ಎಲ್ಲರಿಗೂ ಧನ್ಯವಾದ. ಬೀಟೆ ಬೀರುವಿನ ಕೀಲಿತೂತಿನೊಳಗೆ ಬಿಳಿ ಮರವೇ ಕಂಡಿತು, ಬಿಟ್ಟೆ. ತಮ್ಮನಿಗೂ ಹೇಳಿದೆ, ಒಪ್ಪಿಕೊಂಡ. ಹಿತ್ತಾಳೆ ಪೆಟ್ಟಿಗೆ ನನ್ನ ಚೀಟಿ ದಾಟಿ ಹೋಯಿತು. ಒಂದು ಸಂದೂಕ ಸಿಕ್ಕಿತು, ಕಮಿಷನ್ ಎಲ್ಲ ಸೇರಿ 11,000ದ ಒಳಗೆ. ಅಮ್ಮ ಬೆಳಿಗ್ಗೆಯಿಂದ ಅದರ ಪಕ್ಕದಲ್ಲೇ ಕೂತಿದ್ದಾರೆ. ಬೀಗ ಇದೆ, ಕೀಲಿಕೈ ಇಲ್ಲ. ಬೀಗ ಹೊಸದು ಹಾಕಿಸಲಾ?

ತೀರ್ಥಹಳ್ಳಿಯಿಂದ:
ಬೇಡ ಮಾರಾಯ್ರೆ! ಬೀಗವನ್ನು ನಿಧಾನಕ್ಕೆ ಬಿಚ್ಚಿ, ಸ್ಕ್ರೂಗಳನ್ನು ಒಂದು ಪೊಟ್ಟಣದಲ್ಲಿ ಕಟ್ಟಿಡಿ. ಬೀಗವನ್ನೇ ಕೀಲಿ ಮಾಡುವವರ ಹತ್ತಿರ ತಗೊಂಡು ಹೋಗಿ. ಹಳೆ ಬೀಗದ ಕೆಲಸ ಗೊತ್ತಿರುವವರು ಒಳಗಿನ ಪಟ್ಟಿ ನೋಡಿ ಅರ ಹಾಕಿ ಕೈಯಲ್ಲೇ ಕೀಲಿ ಮಾಡಿಕೊಡುತ್ತಾರೆ. ಎರಡು ಮಾಡಿಸಿ, ಒಂದು ಅಮ್ಮನ ಹತ್ತಿರ ಇರಲಿ.