ಬೆಳಗಿನ ಅಡುಗೆ, ಮಗಳ ಭಿನ್ನರಾಶಿ: ಎರಡನ್ನೂ ಹೇಗೆ ನಿಭಾಯಿಸ್ತೀರಿ?

ತೋಟದ ಮನೆ ಅಮ್ಮ, ಸಾಗರ:
ನಮಸ್ಕಾರ. ನಮ್ಮದು ಸಾಗರದ ಹತ್ತಿರ ಹಳ್ಳಿ, ಅಡಿಕೆ ತೋಟದ ಮನೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಮೂರೂವರೆ. ಈ ಜೂನ್‌ನಿಂದ ಮಗಳಿಗೆ ಮನೆಯಲ್ಲೇ ಕಲಿಸುತ್ತಿದ್ದೇನೆ. ಮೊದಲು ಶಾಲೆಗೆ ಹೋಗಿಬರುವುದಕ್ಕೇ ಎರಡೂವರೆ ಗಂಟೆ ಬೇಕಿತ್ತು. ವ್ಯಾನಿನಲ್ಲಿ ವಾಂತಿ ಮಾಡಿಕೊಂಡು ಬಾಡಿದ ಮುಖದಲ್ಲಿ ಇಳಿಯುತ್ತಿದ್ದಳು. ಈಗ ಚೆನ್ನಾಗಿ ಊಟ ಮಾಡುತ್ತಾಳೆ, ತಾನಾಗಿ ಪುಸ್ತಕ ಹಿಡಿಯುತ್ತಾಳೆ. ಕಷ್ಟ ಆಗಿರುವುದು ನನಗೆ.

ಬೆಳಿಗ್ಗೆ ಒಂಬತ್ತೂವರೆಗೆ ಪಾಠಕ್ಕೆ ಕೂರುತ್ತೇವೆ. ಒಂದು ಲೆಕ್ಕ ಹೇಳಿಕೊಡುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ. ಮಗ ಅಕ್ಕನ ಪೆನ್ಸಿಲ್ ಕಿತ್ತುಕೊಂಡು ಓಡುತ್ತಾನೆ. ಹತ್ತೂವರೆಗೆ ತೋಟದ ಕೆಲಸದವರಿಗೆ ಚಹಾ ಹೋಗಬೇಕು. ಮೊನ್ನೆ, ಕಾಲು ದೊಡ್ಡದಾ ಅರ್ಧ ದೊಡ್ಡದಾ ಅಂತ ಕೇಳಿದೆ. "ಎರಡಕ್ಕಿಂತ ನಾಲ್ಕು ದೊಡ್ಡದಲ್ವಾ ಅಮ್ಮಾ, ಕಾಲೇ ದೊಡ್ಡದು" ಅಂದಳು. ಆ ವಾರದಲ್ಲಿ ಮೂರನೇ ಸಲ ಅದೇ ಉತ್ತರ. ರೇಗಿಬಿಟ್ಟೆ. ಅವಳು ಪುಸ್ತಕ ಮುಚ್ಚಿ ಹಿತ್ತಿಲಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಅಡಿಕೆ ಕೊಯ್ಲು ಶುರುವಾದರೆ ಸುಲಿಯುವುದು, ಬೇಯಿಸುವುದು ಅಂತ ಮನೆ ತುಂಬ ಜನ. ಅವಳ ಪಕ್ಕ ಅರ್ಧ ಗಂಟೆ ಕೂರುವುದೂ ಕಷ್ಟ. ಮಾವ ಬೇರೆ "ಹತ್ತನೇ ಕ್ಲಾಸಿಗೆ ಏನು ಮಾಡ್ತೀಯಮ್ಮಾ?" ಅಂತ ಕೇಳುತ್ತಿರುತ್ತಾರೆ. ಅವರ ಚಿಂತೆ ನನಗೂ ಅರ್ಥವಾಗುತ್ತದೆ. ದಾರಿ ಹೇಳಿ.

ನಿವೃತ್ತ ಟೀಚರ್, ಮೈಸೂರು:
ಪಕ್ಕ ಕೂತೇ ಕಲಿಸಬೇಕು ಅನ್ನುವುದನ್ನು ಮೊದಲು ಬಿಡಿ ತಾಯಿ. ನಾನು ನಲಿ-ಕಲಿ ತರಗತಿ ನಡೆಸಿದವಳು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಅದು. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ, ಟೀಚರ್ ಒಬ್ಬಳೇ. ಹಾಗಾಗಿ ಮಕ್ಕಳನ್ನು 'ತಟ್ಟೆ'ಗಳಾಗಿ ಕೂರಿಸುತ್ತಿದ್ದೆವು. ಒಂದು ತಟ್ಟೆಗೆ ಟೀಚರ್ ಪೂರ್ತಿ ಜೊತೆಗಿರಬೇಕು. ಇನ್ನೊಂದಕ್ಕೆ ಸ್ವಲ್ಪ ಸಹಾಯ ಸಾಕು. ಕೆಲವು ತಟ್ಟೆಗಳಲ್ಲಿ ಜೊತೆಯ ಮಕ್ಕಳೇ ಹೇಳಿಕೊಡುತ್ತಾರೆ. ಕೊನೆಯ ತಟ್ಟೆಯ ಮಗು ತಾನೇ ಮಾಡುತ್ತದೆ.

ನಿಮ್ಮ ಮಗಳ ಪಾಠವನ್ನೂ ಹಾಗೇ ಬೇರೆ ಮಾಡಿ. ಹೊಸ ಲೆಕ್ಕಕ್ಕೆ ನೀವು ಬೇಕು. ಅದನ್ನು ಮಧ್ಯಾಹ್ನ ಚಿಕ್ಕವನು ಮಲಗಿದಾಗ ಇಟ್ಟುಕೊಳ್ಳಿ, ಇಪ್ಪತ್ತು ನಿಮಿಷ ಸಾಕು. ಕಾಪಿ ಬರೆಯುವುದು, ಗೊತ್ತಿರುವ ಲೆಕ್ಕ ಮಾಡುವುದು, ತಮ್ಮನಿಗೆ ಚಿತ್ರದ ಪುಸ್ತಕ ಓದಿ ಹೇಳುವುದು ಬೆಳಿಗ್ಗೆ ನಡೆಯಲಿ.

ಇಬ್ಬರು ಹುಡುಗರ ಅಮ್ಮ, ತುಮಕೂರು:
ಭಿನ್ನರಾಶಿಗೆ ಪುಸ್ತಕ ಈಗಲೇ ಬೇಡ. ಅಕ್ಕಿ ಡಬ್ಬದ ಹತ್ತಿರ ಕೂರಿಸಿ, ಕೈಗೆ ಪಾವು ಕೊಡಿ. ನಾಲ್ಕು ಪಾವಿಗೆ ಒಂದು ಸೇರು. ಅರ್ಧ ಸೇರು, ಕಾಲು ಸೇರು ಅವಳೇ ಅಳೆಯಲಿ, ನೀವು ಒಗ್ಗರಣೆ ಹಾಕಿಕೊಳ್ಳಿ. ನನ್ನ ದೊಡ್ಡವನು ಕಲಿತದ್ದು ಹೀಗೇ.

ಮಾವನವರಿಗೆ ಇದನ್ನು ಹೇಳಿ: ಎನ್‌ಐಒಎಸ್ ಕೇಂದ್ರ ಸರ್ಕಾರದ ಮುಕ್ತ ಶಾಲೆ. 14 ವರ್ಷ ತುಂಬಿದರೆ ಹತ್ತನೇ ತರಗತಿಗೆ ಸೇರಬಹುದು. ಐದು ವಿಷಯ ಪಾಸಾಗಬೇಕು, ಕನ್ನಡವನ್ನೂ ತೆಗೆದುಕೊಳ್ಳಬಹುದು. ಎಲ್ಲವನ್ನೂ ಒಂದೇ ಸಲ ಬರೆಯಬೇಕಂತಿಲ್ಲ. ಸೇರಿದ ಮೇಲೆ ಐದು ವರ್ಷ ಸಮಯ ಇರುತ್ತದೆ.

ತೋಟದ ಮನೆ ಅಮ್ಮ, ಸಾಗರ:
ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಅತ್ತೆಯ ಹಳೇ ಹಿತ್ತಾಳೆ ಪಾವು ಅಟ್ಟದಲ್ಲಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿ ಕೊಟ್ಟೆ. ದೋಸೆಗೆ ಮೂರು ಪಾವು ಅಕ್ಕಿ, ಒಂದು ಪಾವು ಉದ್ದಿನಬೇಳೆ ಅಳೆಯಲು ಹೇಳಿದೆ. ಪ್ರತಿ ಸಲ ಪಾವು ತುಂಬಿ, ಮೇಲಿನ ಅಕ್ಕಿಯನ್ನು ಅಂಗೈಯಲ್ಲಿ ಸವರಿ ಸಮ ಮಾಡಿದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, "ಅಮ್ಮಾ, ಅಕ್ಕಿ ಮುಕ್ಕಾಲು ಸೇರು, ಉದ್ದು ಕಾಲು ಸೇರು. ಅರ್ಧ ಸೇರಿಗೆ ಎರಡು ಪಾವು ಬೇಕು, ಕಾಲಿಗೆ ಒಂದೇ ಸಾಕು. ಅರ್ಧಾನೇ ದೊಡ್ಡದು" ಅಂದಳು. ಒಲೆ ಮುಂದೆ ನಿಂತಿದ್ದ ನನಗೆ ಕಣ್ಣಲ್ಲಿ ನೀರು ಬಂತು. ಅವತ್ತು ರೇಗಿದ್ದಕ್ಕೆ ಅವಳ ಹತ್ತಿರ ತಪ್ಪಾಯ್ತು ಅಂದೆ.

ಮಾವನಿಗೂ ಎನ್‌ಐಒಎಸ್ ವಿಷಯ ಹೇಳಿದೆ. ಪುಸ್ತಕ ತರಿಸಿ ತೋರಿಸು ಅಂದಿದ್ದಾರೆ.

ಟೀಚರಮ್ಮ, ಇನ್ನೊಂದು ಪ್ರಶ್ನೆ. ತಾನೇ ಕೂತು ಮಾಡುವ ಕೆಲಸ ಒಂಬತ್ತು ವರ್ಷದವಳಿಗೆ ಒಂದು ಸಲಕ್ಕೆ ಎಷ್ಟು ಹೊತ್ತು ಕೊಡಬಹುದು? ಅರ್ಧ ಗಂಟೆ ಜಾಸ್ತಿ ಆಗುತ್ತಾ?